ಪಾರ್ಕಿನ್‌ಸನ್ ಕಾಯಿಲೆ: ಜೀನುಗಳ ಪಾಲು, ಒಳಸಂಬಂಧದ ಲೆಕ್ಕ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕಾಲೇಜೊಂದರಲ್ಲಿ ಮೆಂಡಲನ ನಿಯಮಗಳ ಪಾಠ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ನಮ್ಮ ಮುತ್ಯಾನ ಕೈ ನಡಗತಾವ್ರೀ ಸರ್, ನನಗೂ ಬರ್ತದೇನ್ರಿ?" ಎಂದು ಕೇಳಿದನೆನ್ನಿ. ಇದಕ್ಕೆ ಸಮಾಧಾನ ಹೇಳುವುದು ಸುಲಭ. ಆದರೆ ಪಕ್ಕದ ವಿದ್ಯಾರ್ಥಿನಿಯ ಪ್ರಶ್ನೆ ಹೀಗಿರಬಹುದು: "ನಮ್ಮ ಸೋದರಮಾವಗ ಇಪ್ಪತ್ತೆಂಟಕ್ಕ ಕಾಲು ಎಳ್ಯಾಕ ಹತ್ತೇತ್ರೀ. ನಮ್ಮ ಅಕ್ಕನ್ನ ಅವರಿಗೇ ಕೊಡಬೇಕಂತ ಮನ್ಯಾಗ ಮಾತು ನಡದೈತಿ. ಕೊಡಬಹುದೇನ್ರಿ?" ಎರಡೂ ಮನೆಗಳಲ್ಲಿರುವ ಕಾಯಿಲೆಯ ಹೆಸರು ಒಂದೇ ಆಗಿರಬಹುದು, ಪಾರ್ಕಿನ್‌ಸನ್ ಕಾಯಿಲೆ. ಆದರೆ ತಳಿವಿಜ್ಞಾನದ ದೃಷ್ಟಿಯಿಂದ ಇವು ಬೇರೆ ಬೇರೆ ಕಥೆಗಳು. ಎರಡನೆಯ ಪ್ರಶ್ನೆಗೆ ಉತ್ತರಿಸಲು ಬೇಕಾದ ಗಣಿತ ಪಿಯುಸಿ ಮಟ್ಟದ್ದೇ. ಅದಕ್ಕೆ ಮೊದಲು ಕಾಯಿಲೆಯ ಪರಿಚಯ ಸ್ವಲ್ಪ ಬೇಕು.

ಕಪ್ಪು ಪಟ್ಟಿ ಮಾಸಿದಾಗ

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಆರು ಮಂದಿಯ ಲಕ್ಷಣಗಳನ್ನು ಆಧರಿಸಿ ಒಂದು ಸಣ್ಣ ಪುಸ್ತಕ ಪ್ರಕಟಿಸಿದ. ಸುಮ್ಮನೆ ಕುಳಿತಾಗ ಕೈ ನಡುಗುವುದು, ಮುಂದಕ್ಕೆ ಬಾಗಿದ ನಿಲುವು, ಹೆಜ್ಜೆ ಕಿರಿದಾಗಿ ಓಡಿದಂತೆ ನಡೆಯುವುದು ಇವನ್ನೆಲ್ಲ ಅದರಲ್ಲಿ ದಾಖಲಿಸಿದ್ದ. ನಮ್ಮ ಆಯುರ್ವೇದದಲ್ಲಿ ಇಂಥ ಲಕ್ಷಣಗಳಿಗೆ ಕಂಪವಾತ ಎಂಬ ಹೆಸರಿದೆ. ನಡುಕವೇ ಈ ಕಾಯಿಲೆಯ ಗುರುತು ಎಂದು ಜನ ತಿಳಿದಿದ್ದಾರೆ. ವೈದ್ಯರು ಮುಖ್ಯವಾಗಿ ನೋಡುವುದು ಚಲನೆಯ ನಿಧಾನವನ್ನು. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ, ಅಕ್ಷರ ಬರೆಯುತ್ತ ಹೋದಂತೆ ಚಿಕ್ಕದಾಗುತ್ತದೆ, ನಡೆಯುವಾಗ ಒಂದು ಕೈ ಬೀಸುವುದೇ ಇಲ್ಲ. ನಡುಕವೇ ಇಲ್ಲದ ರೋಗಿಗಳೂ ಇದ್ದಾರೆ.

ಮೂಲ ತೊಂದರೆ ಇರುವುದು ನಡುಮಿದುಳಿನಲ್ಲಿ. ಅಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರ ಎಂಬ ಕಪ್ಪು ಪಟ್ಟಿಯಿದೆ. ಅದರ ನರಕೋಶಗಳಲ್ಲಿ ಮೆಲನಿನ್ ಜಾತಿಯ ವರ್ಣಕ ತುಂಬಿರುವುದರಿಂದ ಬರಿಗಣ್ಣಿಗೂ ಅದು ಕಪ್ಪಾಗಿ ಕಾಣುತ್ತದೆ. ಈ ಕೋಶಗಳು ಡೋಪಮಿನ್ ಎಂಬ ನರವಾಹಕವನ್ನು ತಯಾರಿಸಿ, ಚಲನೆಯನ್ನು ನಿಯಂತ್ರಿಸುವ ಮಿದುಳಿನ ಇನ್ನೊಂದು ಭಾಗಕ್ಕೆ ಉಣಿಸುತ್ತವೆ. ಕೋಶಗಳು ಒಂದೊಂದಾಗಿ ಸಾಯುತ್ತ ಹೋದಾಗ ಪಟ್ಟಿ ಮಾಸುತ್ತದೆ, ಡೋಪಮಿನ್ ಕುಸಿಯುತ್ತದೆ. ಉಳಿದ ಕೋಶಗಳಲ್ಲಿ ಲೂಯಿ ಕಾಯಗಳೆಂಬ ಪ್ರೋಟೀನಿನ ಗಂಟುಗಳು ಕಾಣಿಸುತ್ತವೆ. ಲಕ್ಷಣಗಳು ಹೊರಗೆ ಗೋಚರಿಸುವ ಹೊತ್ತಿಗೆ ನಷ್ಟ ಬಹಳ ಮುಂದುವರಿದಿರುತ್ತದೆ. 1960ರ ದಶಕದಲ್ಲಿ ಬಳಕೆಗೆ ಬಂದ ಲೆವೊಡೋಪ ಎಂಬ ಔಷಧಿ ಮಿದುಳಿನೊಳಗೆ ಡೋಪಮಿನ್ ಆಗಿ ಪರಿವರ್ತನೆಯಾಗಿ ಈ ಕೊರತೆಯನ್ನು ತುಂಬುತ್ತದೆ. ಕಾಯಿಲೆ ಅದರಿಂದ ಗುಣವಾಗದು, ಆದರೆ ರೋಗಿ ಎದ್ದು ಓಡಾಡಿ ದುಡಿಯಬಲ್ಲ. ನಮ್ಮ ಬೇಲಿಗಳ ಮೇಲೆ ಹಬ್ಬುವ ನಸುಗುನ್ನಿಯ ಬೀಜದಲ್ಲಿ ಇದೇ ಲೆವೊಡೋಪ ಇದೆ ಎಂಬುದು ನಿಜ. ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುವುದರಿಂದ ಅದನ್ನು ಮನೆಮದ್ದಾಗಿ ನುಂಗುವುದು ಅಪಾಯ.

ಈ ಕಪ್ಪು ಪಟ್ಟಿಯ ಕುರಿತು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿಂದ 1998ರಲ್ಲಿ ಒಂದು ಕುತೂಹಲಕರ ಅಧ್ಯಯನ ಪ್ರಕಟವಾಯಿತು. ಉದಯ್ ಮುಥಾಣೆ, ಯಶಾ ಮತ್ತು ಎಸ್. ಕೆ. ಶಂಕರ್ ಅವರು ಈ ಕಾಯಿಲೆ ಇಲ್ಲದೆ ತೀರಿಕೊಂಡ ಭಾರತೀಯರ ಮಿದುಳುಗಳಲ್ಲಿ ಕಪ್ಪು ನರಕೋಶಗಳನ್ನು ಎಣಿಸಿದರು. ಬ್ರಿಟನ್ನಿನ ಮಿದುಳುಗಳಿಗೆ ಹೋಲಿಸಿದರೆ ಸಂಖ್ಯೆ ಸಾಕಷ್ಟು ಕಡಿಮೆಯಿತ್ತು. ಆದರೆ ವಯಸ್ಸು ಏರಿದಂತೆ ಆ ಸಂಖ್ಯೆ ಇಳಿಯುತ್ತಿರಲಿಲ್ಲ. ಕೋಶಗಳು ಎಷ್ಟಿವೆ ಎಂಬುದಕ್ಕಿಂತ ಅವು ಏಕೆ ಸಾಯುತ್ತವೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ ಎಂದಾಯಿತು. ಜೀನುಗಳು ಉತ್ತರ ಕೊಡಲು ಆರಂಭಿಸಿದ್ದು ಈ ಪ್ರಶ್ನೆಗೆ.

ಮುತ್ಯಾನ ಕಾಯಿಲೆ

ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 1,02,557 ಜನರನ್ನು ಒಳಗೊಂಡ ನರರೋಗ ಸಮೀಕ್ಷೆ ನಡೆಸಿ 2004ರಲ್ಲಿ ವರದಿ ಪ್ರಕಟಿಸಿದರು. ಅದರಂತೆ ಪಾರ್ಕಿನ್‌ಸನ್ ಕಾಯಿಲೆ ಇದ್ದವರು ಲಕ್ಷಕ್ಕೆ ಸುಮಾರು 33. ಮುಂಬಯಿಯ ಪಾರ್ಸಿ ಸಮುದಾಯದಲ್ಲಿ 1988ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷಕ್ಕೆ 328 ಮಂದಿ ಸಿಕ್ಕಿದ್ದರು. ಹತ್ತು ಪಟ್ಟು ಎಂದೊಡನೆ ಪಾರ್ಸಿಗಳ ಜೀನುಗಳ ಮೇಲೆ ತಪ್ಪು ಹೊರಿಸಬೇಕಿಲ್ಲ. ಆ ಸಮುದಾಯದಲ್ಲಿ ವೃದ್ಧರ ಪ್ರಮಾಣ ತುಂಬ ಹೆಚ್ಚು, ಈ ಕಾಯಿಲೆ ಮುಖ್ಯವಾಗಿ ಅರವತ್ತು ದಾಟಿದವರದು. ವ್ಯತ್ಯಾಸದ ದೊಡ್ಡ ಪಾಲನ್ನು ವಯಸ್ಸೇ ವಿವರಿಸುತ್ತದೆ. ಆದರೆ ಎಲ್ಲವನ್ನೂ ವಯಸ್ಸಿಗೇ ಬಿಡುವಂತೆಯೂ ಇಲ್ಲ. ಯುರೋಪ್ ಮತ್ತು ಭಾರತ ಎರಡೂ ಮೂಲಗಳ ಆಂಗ್ಲೋ-ಇಂಡಿಯನ್ನರಲ್ಲಿ ಈ ಕಾಯಿಲೆಯ ಅಪಾಯ ಕಡಿಮೆ ಎಂದು ಬೆಂಗಳೂರಿನಲ್ಲೇ ನಡೆದ, 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿತು.

ಎಪ್ಪತ್ತರ ಮುತ್ಯಾನಿಗೆ ಬಂದ ಕಾಯಿಲೆಯ ಹಿಂದೆ ಸಾಮಾನ್ಯವಾಗಿ ಒಂದೇ ಒಂದು ಕೆಟ್ಟ ಜೀನು ಇರುವುದಿಲ್ಲ. ಹಲವಾರು ಜೀನುಗಳ ಚಿಕ್ಕ ಚಿಕ್ಕ ವ್ಯತ್ಯಾಸಗಳು ಸೇರಿ ಅಪಾಯವನ್ನು ಅಷ್ಟಿಷ್ಟು ಏರಿಸುತ್ತವೆ, ಇಳಿಸುತ್ತವೆ. 2019ರಲ್ಲಿ ಪ್ರಕಟವಾದ ಬೃಹತ್ ವಿಶ್ಲೇಷಣೆಯಲ್ಲಿ ಇಂಥ 90 ವ್ಯತ್ಯಾಸಗಳು ಗುರುತಾದವು. ಇವುಗಳಲ್ಲಿ ಬಹುತೇಕ ಯಾವುದೂ ಒಂಟಿಯಾಗಿ ಕಾಯಿಲೆ ತರಲಾರದು. ಇದರ ಜೊತೆಗೆ ವಯಸ್ಸು ಮತ್ತು ಪರಿಸರ. 1980ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಂಪಿಟಿಪಿ ಎಂಬ ಕಲ್ಮಶ ಬೆರೆತ ಮಾದಕವಸ್ತು ಚುಚ್ಚಿಕೊಂಡ ಯುವಕರು ಕೆಲವೇ ದಿನಗಳಲ್ಲಿ ಪಾರ್ಕಿನ್‌ಸನ್ ರೋಗಿಗಳಂತೆ ಮರಗಟ್ಟಿದರು. ದೇಹದೊಳಗೆ ಅದು ತಾಳುವ ರೂಪದ ರಚನೆ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಹೋಲುತ್ತದೆ. ಕೀಟನಾಶಕ, ಕಳೆನಾಶಕಗಳ ಒಡನಾಟದಲ್ಲಿ ದೀರ್ಘಕಾಲ ಇದ್ದವರಲ್ಲಿ ಈ ಕಾಯಿಲೆ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಹಿಡಕಲ್ ಜಲಾಶಯದ ನೀರು ಹರಿದು ಕಬ್ಬಿನ ಪೈರು ದಟ್ಟವಾಗಿರುವ ಘಟಪ್ರಭಾ ದಂಡೆಯ ರೈತರು ಸಿಂಪಡಣೆಗೆ ನಿಲ್ಲುವಾಗ ಕೈಗವಸು, ಮುಖಗವಸು ಮರೆಯಬಾರದೆನ್ನಲು ಇಷ್ಟು ಸಾಕು.

ಹಾಗಾಗಿ ಮೊದಲ ವಿದ್ಯಾರ್ಥಿಗೆ ಹೇಳಬೇಕಾದದ್ದು ಇಷ್ಟೆ: ಅವನ ಅಪಾಯ ಉಳಿದವರಿಗಿಂತ ತುಸು ಹೆಚ್ಚಿರಬಹುದು, ಆದರೆ ಅದು ಬಾರದೇ ಇರುವ ಸಾಧ್ಯತೆಯೇ ಬಲು ದೊಡ್ಡದು.

ಒಂದು ಪ್ರತಿ ಸಾಕಾಗುವ ಜೀನುಗಳು

ಪಾರ್ಕಿನ್‌ಸನ್ ಕಾಯಿಲೆ ಆನುವಂಶಿಕವಲ್ಲ ಎಂದೇ ಇಪ್ಪತ್ತನೆಯ ಶತಮಾನದ ಬಹುಭಾಗ ಪಠ್ಯಪುಸ್ತಕಗಳು ಕಲಿಸುತ್ತಿದ್ದವು. ಆ ನಂಬಿಕೆಯನ್ನು ಮುರಿದದ್ದು ಇಟಲಿಯ ದಕ್ಷಿಣದ ಕೊಂಟುರ್ಸಿ ಎಂಬ ಊರಿನ ಮೂಲದ ಒಂದು ದೊಡ್ಡ ಮನೆತನ. 1997ರಲ್ಲಿ ಪಾಲಿಮೆರೊಪೊಲಸ್ ಮತ್ತು ಸಂಗಡಿಗರು ಆ ಮನೆತನದಲ್ಲೂ ಕೆಲವು ಗ್ರೀಕ್ ಕುಟುಂಬಗಳಲ್ಲೂ ನಾಲ್ಕನೆಯ ವರ್ಣತಂತುವಿನ ಮೇಲಿರುವ ಆಲ್ಫಾ ಸೈನ್ಯೂಕ್ಲಿನ್ ಜೀನಿನಲ್ಲಿ ಉತ್ಪರಿವರ್ತನೆಯನ್ನು ಪತ್ತೆಮಾಡಿದರು. ಪ್ರೋಟೀನಿನ ಸರಪಳಿಯಲ್ಲಿ 53ನೆಯ ಸ್ಥಾನದ ಅಲನಿನ್ ಇರಬೇಕಾದಲ್ಲಿ ಥ್ರಿಯೊನಿನ್ ಬಂದಿತ್ತು, ಅಷ್ಟೆ. ಅದೇ ವರ್ಷ ಲೂಯಿ ಕಾಯಗಳ ಮುಖ್ಯ ಸಾಮಗ್ರಿ ಇದೇ ಪ್ರೋಟೀನು ಎಂದು ಇನ್ನೊಂದು ತಂಡ ತೋರಿಸಿತು. ಅಪರೂಪದ ಮನೆತನದ ಜೀನು ಎಲ್ಲ ರೋಗಿಗಳ ಮಿದುಳಿನ ಗಂಟಿಗೆ ಕೈತೋರಿತು. 2003ರಲ್ಲಿ ಇನ್ನೂ ಒಂದು ಸೋಜಿಗ ಹೊರಬಿತ್ತು. ಅಮೆರಿಕದ ಅಯೋವ ಮೂಲದ ಕುಟುಂಬವೊಂದರಲ್ಲಿ ಜೀನು ಕೆಟ್ಟಿರಲೇ ಇಲ್ಲ, ಒಂದು ವರ್ಣತಂತುವಿನ ಮೇಲೆ ಒಂದರ ಬದಲು ಮೂರು ಪ್ರತಿಗಳಿದ್ದವು. ಒಳ್ಳೆಯ ಪ್ರೋಟೀನೂ ಹೆಚ್ಚಾದರೆ ವಿಷವೇ.

ಇಲ್ಲಿ ಕೆಟ್ಟ ಜೀನಿನ ಒಂದು ಪ್ರತಿ ಸಾಕು, ಅಂದರೆ ಇದು ಪ್ರಬಲ ಗುಣ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೆ ಅದು ಬರುವ ಸಾಧ್ಯತೆ ಅರ್ಧ. 2004ರಲ್ಲಿ ಸಿಕ್ಕ ಎಲ್‌ಆರ್‌ಆರ್‌ಕೆ-2 ಜೀನು ಕೂಡ ಇದೇ ಬಗೆಯದು. ಅದರ ಪ್ರೋಟೀನಿಗೆ ಸಂಶೋಧಕರು ಕೊಟ್ಟ ಹೆಸರು ದಾರ್ದಾರಿನ್. ಬಾಸ್ಕ್ ಭಾಷೆಯಲ್ಲಿ ದಾರ್ದಾರ ಎಂದರೆ ನಡುಕ. ಉತ್ತರ ಆಫ್ರಿಕಾದ ಅರಬ್ ರೋಗಿಗಳಲ್ಲಿ ಈ ಜೀನಿನ ಒಂದು ನಿರ್ದಿಷ್ಟ ಉತ್ಪರಿವರ್ತನೆ ಮೂರರಲ್ಲಿ ಒಬ್ಬರಿಗಿಂತಲೂ ಹೆಚ್ಚು ಮಂದಿಯಲ್ಲಿ ಸಿಗುತ್ತದೆ. ಭಾರತೀಯ ರೋಗಿಗಳಲ್ಲಿ ಅದು ಅತಿ ವಿರಳ. ಪಶ್ಚಿಮದ ಪಠ್ಯಪುಸ್ತಕದ ಪಟ್ಟಿಯನ್ನು ಹಾಗೆಯೇ ತಂದು ನಮ್ಮ ರೋಗಿಗಳ ರಕ್ತ ಪರೀಕ್ಷಿಸಿದರೆ ಕೈಗೆ ಸಿಗುವುದು ಬಹಳ ಕಡಿಮೆ ಎಂಬುದಕ್ಕೆ ಇದೇ ಸಾಕ್ಷಿ. ನಮ್ಮಲ್ಲಿ ಹುಡುಕಬೇಕಾದ ಜಾಗ ಬೇರೆ.

ಎರಡೂ ಪ್ರತಿ ಕೆಟ್ಟಾಗ

ಆ ಜಾಗವನ್ನು ಮೊದಲು ತೋರಿಸಿದ್ದು ಜಪಾನ್. ಅಲ್ಲಿನ ವೈದ್ಯರು ನಲವತ್ತರೊಳಗೇ, ಕೆಲವೊಮ್ಮೆ ಇಪ್ಪತ್ತರೊಳಗೇ ಶುರುವಾಗುವ ಪಾರ್ಕಿನ್‌ಸನ್ ಕಾಯಿಲೆಯನ್ನು ಹಲವು ಕುಟುಂಬಗಳಲ್ಲಿ ಗಮನಿಸಿದ್ದರು. ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ಕಾಯಿಲೆ, ತಂದೆತಾಯಿ ಆರೋಗ್ಯವಂತರು, ಎಷ್ಟೋ ಕಡೆ ಅವರಿಬ್ಬರೂ ರಕ್ತಸಂಬಂಧಿಗಳು. ಅಪ್ರಬಲ ಗುಣದ ಲಕ್ಷಣವೇ ಇದು. 1998ರಲ್ಲಿ ಕಿಟಾಡಾ, ಮಿಝುನೊ ಮತ್ತು ಸಂಗಡಿಗರು ಆರನೆಯ ವರ್ಣತಂತುವಿನಲ್ಲಿ ಇದಕ್ಕೆ ಕಾರಣವಾದ ಜೀನನ್ನು ಗುರುತಿಸಿ ಪಾರ್ಕಿನ್ ಎಂದು ಹೆಸರಿಟ್ಟರು. 2003ರಲ್ಲಿ ಡಿಜೆ-1, 2004ರಲ್ಲಿ ಪಿಂಕ್-1 ಎಂಬ ಇನ್ನೆರಡು ಅಪ್ರಬಲ ಜೀನುಗಳು ಪಟ್ಟಿಗೆ ಸೇರಿದವು. ನಮ್ಮ ದೇಶದಲ್ಲೂ ದೆಹಲಿ, ಕೋಲ್ಕತ್ತ, ಚೆನ್ನೈ, ಬೆಂಗಳೂರುಗಳ ಸಂಶೋಧಕರು ಎಳೆಯ ವಯಸ್ಸಿನ ರೋಗಿಗಳಲ್ಲಿ ಪಾರ್ಕಿನ್ ಜೀನಿನ ಉತ್ಪರಿವರ್ತನೆಗಳನ್ನು ಕಂಡಿದ್ದಾರೆ.

ಈ ಜೀನುಗಳ ಕೆಲಸ ತಿಳಿದರೆ ಕಪ್ಪು ನರಕೋಶ ಏಕೆ ಸಾಯುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಕೋಶದ ಶಕ್ತಿಕೇಂದ್ರ ಮೈಟೊಕಾಂಡ್ರಿಯ ಎಂದು ನಾವು ಶಾಲೆಯಲ್ಲೇ ಕಲಿಯುತ್ತೇವೆ. ಕೇಂದ್ರವೆಂದ ಮೇಲೆ ಅಲ್ಲಿ ಯಂತ್ರ ಕೆಡುವುದೂ ಉಂಟು. ಆರೋಗ್ಯವಾದ ಮೈಟೊಕಾಂಡ್ರಿಯದೊಳಕ್ಕೆ ಪಿಂಕ್-1 ಪ್ರೋಟೀನು ಹೋಗುತ್ತಿದ್ದಂತೆ ಕತ್ತರಿಸಲ್ಪಟ್ಟು ನಾಶವಾಗುತ್ತದೆ. ಕೆಟ್ಟ ಮೈಟೊಕಾಂಡ್ರಿಯದೊಳಕ್ಕೆ ಅದು ಪ್ರವೇಶಿಸಲಾರದೆ ಹೊರಪೊರೆಯ ಮೇಲೆ ಕೂಡಿಕೊಳ್ಳುತ್ತದೆ. ಅದನ್ನು ಕಂಡು ಪಾರ್ಕಿನ್ ಎಂಬ ಕಿಣ್ವ ಅಲ್ಲಿಗೆ ಬಂದು ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನನ್ನು ಸಾಲುಸಾಲಾಗಿ ಅಂಟಿಸುತ್ತದೆ. ಕಡಿಯಬೇಕಾದ ಮರಕ್ಕೆ ಅರಣ್ಯ ಇಲಾಖೆಯವರು ಗುರುತು ಹೊಡೆದ ಹಾಗೆ. ಗುರುತು ಬಿದ್ದ ಮೈಟೊಕಾಂಡ್ರಿಯವನ್ನು ಕೋಶದ ವಿಲೇವಾರಿ ವ್ಯವಸ್ಥೆ ಸುತ್ತುವರಿದು ಜೀರ್ಣಿಸಿಬಿಡುತ್ತದೆ. ಪಾರ್ಕಿನ್ ಅಥವಾ ಪಿಂಕ್-1 ಇಲ್ಲದಿದ್ದರೆ ಕೆಟ್ಟ ಮೈಟೊಕಾಂಡ್ರಿಯಗಳು ಕೋಶದಲ್ಲೇ ಉಳಿದು ಹಾನಿಕಾರಕ ಆಮ್ಲಜನಕ ಕಣಗಳನ್ನು ಉಗುಳುತ್ತವೆ. ಇಂಥ ಕಣಗಳಿಂದ ಕೋಶವನ್ನು ಕಾಯುವ ಕೆಲಸದಲ್ಲಿ ಡಿಜೆ-1ಕ್ಕೂ ಪಾಲಿದೆ.

ಈ ದೋಷ ದೇಹದ ಎಲ್ಲ ಕೋಶಗಳಲ್ಲೂ ಇರುತ್ತದೆ. ಆದರೂ ಕಪ್ಪು ಪಟ್ಟಿಯ ಕೋಶಗಳೇ ಮೊದಲು ಸಾಯಲು ಕಾರಣ ಅವುಗಳ ರಚನೆಯಲ್ಲೇ ಇದೆ. ಅಲ್ಲಿನ ಒಂದೊಂದು ನರಕೋಶದ ತಂತು ಆಲದ ಮರದಂತೆ ಕವಲೊಡೆದು ಲಕ್ಷಗಟ್ಟಲೆ ಸಂಧಿಗಳನ್ನು ಸಾಕುತ್ತದೆ. ಅಷ್ಟಕ್ಕೂ ಶಕ್ತಿ ಒದಗಿಸಬೇಕು. ಜೊತೆಗೆ ಡೋಪಮಿನ್ ತಾನೇ ಸುಲಭವಾಗಿ ಉತ್ಕರ್ಷಣೆಗೊಂಡು ವಿಷವಾಗುವ ವಸ್ತು. ಅಂಚಿನಲ್ಲೇ ಬದುಕುವ ಕೋಶಕ್ಕೆ ಮೊದಲ ಪೆಟ್ಟು. ಮೇಲೆ ಹೇಳಿದ ಎಂಪಿಟಿಪಿ ಹೊಡೆಯುವುದೂ ಮೈಟೊಕಾಂಡ್ರಿಯಕ್ಕೇ ಎಂಬುದನ್ನು ಇಲ್ಲಿ ನೆನೆಯಬಹುದು.

ಪಾರ್ಕಿನ್ ಜೀನಿನ ಕಾಯಿಲೆಗೆ ತನ್ನದೇ ಚಹರೆ ಇದೆ. ಸಾಮಾನ್ಯವಾಗಿ ನಲವತ್ತರೊಳಗೆ ಶುರು. ಹಲವರಲ್ಲಿ ಮೊದಲು ಕಾಣುವುದು ಕೈನಡುಕವಲ್ಲ, ನಡೆಯುವಾಗ ಪಾದ ಒಳಕ್ಕೆ ತಿರುಚಿಕೊಳ್ಳುವುದು. ಬೆಳಿಗ್ಗೆ ಎದ್ದಾಗ ಮೈ ಹಗುರ, ಸಂಜೆಗೆ ಬಿಗಿತ. ಕಾಯಿಲೆ ನಿಧಾನವಾಗಿ ಸಾಗುತ್ತದೆ, ಬುದ್ಧಿಶಕ್ತಿ ಬಹುಮಟ್ಟಿಗೆ ಸುರಕ್ಷಿತ, ಚಿಕ್ಕ ಪ್ರಮಾಣದ ಲೆವೊಡೋಪಕ್ಕೇ ಮೈ ಬಿಡುತ್ತದೆ. ಮೂವತ್ತರ ಯುವಕನಿಗೆ ಪಾರ್ಕಿನ್‌ಸನ್ ಬಂದೀತೆಂದು ಮನೆಯವರು ಊಹಿಸುವುದಿಲ್ಲ. ವಾತವೆಂದೋ ನರ ಎಳೆದಿದೆಯೆಂದೋ ಯಾರದೋ ಮಾಟವೆಂದೋ ವರ್ಷಗಟ್ಟಲೆ ಕಳೆಯುತ್ತಾರೆ. ಒಂದು ಮಾತ್ರೆಯಿಂದ ಮತ್ತೆ ದುಡಿಯಬಹುದಾಗಿದ್ದವನು ಆ ವರ್ಷಗಳನ್ನು ಹೊರಸಿನ ಮೇಲೆ ಕಳೆಯುವುದು ಈ ಕಾಯಿಲೆಯ ನಿಜವಾದ ದುರಂತ.

ಬೆಡಗು ಬೇರೆ, ಜೀನು ಒಂದೇ

ನಮ್ಮ ಕಡೆ ಹೆಣ್ಣು ಕೊಟ್ಟು ತರುವಾಗ ಬೆಡಗು ಅಥವಾ ಗೋತ್ರ ನೋಡುತ್ತಾರೆ. ಒಂದೇ ಬೆಡಗಿನವರು ಅಣ್ಣತಂಗಿಯರ ಸಮಾನ, ಮದುವೆ ಸಲ್ಲದು. ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳನ್ನು ಮದುವೆಯಾಗುವ ಮಾತೇ ಇಲ್ಲ. ಆದರೆ ಅಕ್ಕನ ಮಗಳು ತನ್ನ ತಂದೆಯ ಬೆಡಗಿಗೆ ಸೇರಿದವಳು. ಹಾಗಾಗಿ ಸೋದರಮಾವನಿಗೂ ಅವಳಿಗೂ ಬೆಡಗು ಬೇರೆ, ಮದುವೆಗೆ ಅಡ್ಡಿಯಿಲ್ಲ, ಎಷ್ಟೋ ಮನೆಗಳಲ್ಲಿ ಅದು ಅವನ ಹಕ್ಕು ಕೂಡ. ಬೆಡಗು ಗಂಡಿನ ಗೆರೆಯನ್ನು ಮಾತ್ರ ಎಣಿಸುತ್ತದೆ, ಜೀನು ಎರಡೂ ಗೆರೆಗಳಲ್ಲಿ ಹರಿಯುತ್ತದೆ. ಚಿಕ್ಕಪ್ಪನ ಮಗಳೂ ಸೋದರತ್ತೆಯ ಮಗಳೂ ಜೀನಿನ ಲೆಕ್ಕದಲ್ಲಿ ಅಷ್ಟೇ ಹತ್ತಿರ. ಅಕ್ಕನ ಮಗಳು ಅವರಿಬ್ಬರಿಗಿಂತಲೂ ಹತ್ತಿರ.

ಎಷ್ಟು ಹತ್ತಿರ ಎಂದು ಲೆಕ್ಕ ಹಾಕೋಣ. ಅಜ್ಜ ಅಜ್ಜಿ ಇಬ್ಬರಲ್ಲಿ ಸೇರಿ ಒಂದು ಜೀನಿನ ನಾಲ್ಕು ಪ್ರತಿಗಳಿವೆ. ಅವುಗಳಲ್ಲಿ ಯಾವುದೋ ಒಂದನ್ನು ಹಿಡಿಯಿರಿ. ಅದು ಮಗನಿಗೆ (ಮುಂದೆ ಸೋದರಮಾವನಾಗುವವನಿಗೆ) ಬರುವ ಸಾಧ್ಯತೆ 1/2, ಮಗಳಿಗೆ ಬರುವುದು 1/2, ಅವಳಿಂದ ಮೊಮ್ಮಗಳಿಗೆ 1/2. ಮಾವನೂ ಮೊಮ್ಮಗಳೂ ಮದುವೆಯಾದರೆ ಅವನಿಂದ ಮಗುವಿಗೆ 1/2, ಅವಳಿಂದ ಮಗುವಿಗೆ 1/2. ಐದು ಅರ್ಧಗಳ ಗುಣಲಬ್ಧ 1/32. ಇಂಥ ಪ್ರತಿಗಳು ನಾಲ್ಕು ಇರುವುದರಿಂದ 4/32, ಅಂದರೆ 1/8. ಆ ಮಗುವಿನ ಪ್ರತಿ ಜೋಡಿ ಜೀನೂ ಒಂದೇ ಮೂಲದ ತದ್ರೂಪು ಪ್ರತಿಗಳಾಗಿರುವ ಸಾಧ್ಯತೆ ಇದು. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳ ನಡುವಣ ಮದುವೆಯಲ್ಲಿ ಹೆಜ್ಜೆಗಳು ಆರು, ಆದ್ದರಿಂದ ಉತ್ತರ 1/16. ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಲಿ.

ಈಗ ಒಂದು ಅಪ್ರಬಲ ಕಾಯಿಲೆಯ ಕೆಟ್ಟ ಪ್ರತಿ ಜನಸಮುದಾಯದಲ್ಲಿ 200ಕ್ಕೆ ಒಂದರಂತೆ ಇದೆ ಎಂದು ಉದಾಹರಣೆಗಾಗಿ ಊಹಿಸೋಣ. ಅಂದರೆ ಸುಮಾರು ನೂರರಲ್ಲಿ ಒಬ್ಬರು ವಾಹಕರು. ಸಂಬಂಧವಿಲ್ಲದವರ ಮಗುವಿಗೆ ಕಾಯಿಲೆಯ ಸಾಧ್ಯತೆ 1/200 × 1/200, ಅಂದರೆ 40,000ಕ್ಕೆ ಒಂದು. ಅಕ್ಕನ ಮಗಳನ್ನು ಮದುವೆಯಾದರೆ ಮುಖ್ಯ ಅಂಶ 1/8 × 1/200, ಉಳಿದದ್ದನ್ನೂ ಕೂಡಿಸಿದರೆ ಸುಮಾರು 1,550ಕ್ಕೆ ಒಂದು. ಇಪ್ಪತ್ತಾರು ಪಟ್ಟು ಹೆಚ್ಚು! ಕೆಟ್ಟ ಪ್ರತಿ ಇನ್ನೂ ವಿರಳವಾಗಿದ್ದು ಸಾವಿರಕ್ಕೆ ಒಂದಾಗಿದ್ದರೆ ಹೆಚ್ಚಳ ನೂರಿಪ್ಪತ್ತೈದು ಪಟ್ಟನ್ನು ಮೀರುತ್ತದೆ. ಕಾಯಿಲೆ ವಿರಳವಾದಷ್ಟೂ ಅದರ ರೋಗಿಗಳ ತಂದೆತಾಯಿ ಸಂಬಂಧಿಕರಾಗಿರುವುದು ಹೆಚ್ಚು ಎಂಬ ವೈದ್ಯರ ಅನುಭವದ ಹಿಂದಿರುವ ಗಣಿತ ಇದೇ.

ಇದೇ ಲೆಕ್ಕದ ಇನ್ನೊಂದು ಮುಖವನ್ನೂ ನೋಡಬೇಕು. 1,550ಕ್ಕೆ ಒಂದು ಎಂದರೆ 1,549 ಮಕ್ಕಳಿಗೆ ಆ ಕಾಯಿಲೆ ಇಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಎನ್. ಅಪ್ಪಾಜಿರಾವ್, ಎ. ಎಚ್. ಬಿಟಲ್ಸ್ ಮೊದಲಾದವರು ನವಜಾತ ಶಿಶುಗಳ ತಪಾಸಣೆಯ ಜೊತೆ ನಡೆಸಿದ ಅಧ್ಯಯನಗಳಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೆ ಆಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದಲ್ಲಿ ಅದು ಕಾಲು ಭಾಗದಷ್ಟಿದೆ. ಇಷ್ಟೊಂದು ಕುಟುಂಬಗಳನ್ನು ತಪ್ಪಿತಸ್ಥರೆಂದು ನಿಲ್ಲಿಸುವುದು ವಿಜ್ಞಾನವಲ್ಲ. ಹೊಲ ಹರಿದು ಹಂಚಿಹೋಗಬಾರದು, ಮಗಳು ಗುರುತಿನ ಮನೆಯಲ್ಲಿ ಸುಖವಾಗಿರಬೇಕು ಎಂಬ ಕಾರಣಗಳನ್ನು ಅಲ್ಲಗಳೆಯಲಾಗದು. ಆದರೆ ಮನೆತನದಲ್ಲಿ ಈಗಾಗಲೇ ಒಬ್ಬ ರೋಗಿ ಇದ್ದಾನೆಂದು ಗೊತ್ತಾದ ಮೇಲೆ ಸರಾಸರಿಯ ಲೆಕ್ಕ ಅನ್ವಯಿಸುವುದಿಲ್ಲ, ಆ ಮನೆಯದೇ ಲೆಕ್ಕ ಹಾಕಬೇಕು.

ವಿದ್ಯಾರ್ಥಿನಿಯ ಅಕ್ಕನ ಪ್ರಶ್ನೆಗೆ ಬರೋಣ. ಸೋದರಮಾವನಿಗೆ ಪಾರ್ಕಿನ್ ಜೀನಿನ ಕಾಯಿಲೆ ಎಂದು ಖಚಿತವಾಗಿದೆ ಎಂದಿಟ್ಟುಕೊಳ್ಳೋಣ. ಅವನ ಎರಡೂ ಪ್ರತಿಗಳು ಕೆಟ್ಟಿವೆ. ಆದ್ದರಿಂದ ಅವನ ತಂದೆತಾಯಿ ಇಬ್ಬರೂ ವಾಹಕರು. ಅವನ ಆರೋಗ್ಯವಂತ ಅಕ್ಕ, ಅಂದರೆ ಹುಡುಗಿಯ ಅವ್ವ, ವಾಹಕಳಾಗಿರುವ ಸಾಧ್ಯತೆ 2/3 (ನಾಲ್ಕು ಸಾಧ್ಯತೆಗಳಲ್ಲಿ ರೋಗಿಯದನ್ನು ಬಿಟ್ಟರೆ ಉಳಿದ ಮೂರರಲ್ಲಿ ಎರಡು). ಅವಳಿಂದ ಮಗಳಿಗೆ ಬರುವ ಸಾಧ್ಯತೆ ಅದರ ಅರ್ಧ, 1/3. ಮಾವ ಪ್ರತಿ ಮಗುವಿಗೂ ಕೆಟ್ಟ ಪ್ರತಿಯನ್ನೇ ಕೊಡಬಲ್ಲ. ಹುಡುಗಿ ವಾಹಕಳಾಗಿದ್ದರೆ ಅವಳು ಅದನ್ನು ಕೊಡುವ ಸಾಧ್ಯತೆ 1/2. ಒಟ್ಟು 1/3 × 1/2 = 1/6. ಪ್ರತಿ ಆರು ಮಕ್ಕಳಲ್ಲಿ ಒಂದು! ಅವನು ಸಂಬಂಧದ ಹೊರಗಿನ ಹುಡುಗಿಯನ್ನು ಮದುವೆಯಾದರೆ, ಮೇಲಿನ ಊಹೆಯಂತೆ ನೂರರಲ್ಲಿ ಒಬ್ಬರು ವಾಹಕರೆಂದುಕೊಂಡರೂ, 1/100 × 1/2, ಅಂದರೆ 200ಕ್ಕೆ ಒಂದು. ಮಕ್ಕಳೆಲ್ಲ ವಾಹಕರಾಗುತ್ತಾರೆ, ಹೆಚ್ಚಿನಂಶ ಆರೋಗ್ಯವಾಗಿಯೇ ಬಾಳುತ್ತಾರೆ. ಹಾಗೆಯೇ ಹುಡುಗಿ ಬೇರೆ ಮನೆಗೆ ಹೋದರೆ ಅವಳ ಮಕ್ಕಳಿಗಿರುವ ಅಪಾಯ ತೀರ ಅಲ್ಪ. ಮದುವೆಗೆ ಅವರಿಬ್ಬರೂ ಅನರ್ಹರಲ್ಲ, ಅವರಿಬ್ಬರ ಜೋಡಿ ಮಾತ್ರ ಅಪಾಯದ್ದು. ಈ ಒಂದು ವ್ಯತ್ಯಾಸ ಹಿರಿಯರಿಗೆ ಮನದಟ್ಟಾದರೆ ಎರಡು ಮನೆಗಳ ಮರ್ಯಾದೆಯೂ ಉಳಿಯುತ್ತದೆ.

ತೊಡಕಿರುವುದು ವಯಸ್ಸಿನಲ್ಲಿ. ಹಿರಿಯಣ್ಣನಿಗೆ ಮೂವತ್ತಕ್ಕೆ ಕಾಯಿಲೆ ಕಾಣಿಸಿಕೊಂಡಿದೆ, ಇಪ್ಪತ್ತೆರಡರ ತಮ್ಮನಿಗೆ ಏನೂ ಆಗಿಲ್ಲ. ತಮ್ಮನಿಗೂ ಕಾಲು ಭಾಗ ಅಪಾಯ ಇದ್ದೇ ಇದೆ, ಅವನ ಮದುವೆಯ ಮಾತು ಮಾತ್ರ ಅದಕ್ಕೆ ಮೊದಲೇ ಆಗಿಹೋಗುತ್ತದೆ. ಅವನು ಅಕ್ಕನ ಮಗಳನ್ನು ತಂದು, ಮುಂದೆ ಅವನಿಗೂ ಮಗನಿಗೂ ಕಾಯಿಲೆ ಬಂದರೆ ಎರಡು ತಲೆಮಾರುಗಳಲ್ಲಿ ಕಾಣುವ ಇದನ್ನು ನೋಡಿದವರು ಪ್ರಬಲ ಜೀನೆಂದೇ ಭ್ರಮಿಸುತ್ತಾರೆ. ಒಳಸಂಬಂಧದ ಮನೆತನಗಳ ವಂಶಾವಳಿ ಓದುವಾಗ ಈ ಎಚ್ಚರ ಅಗತ್ಯ.

ಮೊದಲು ತಾಮ್ರ, ಆಮೇಲೆ ಜೀನು

ಎಳೆಯ ವಯಸ್ಸಿನ ನಡುಕವೆಲ್ಲ ಪಾರ್ಕಿನ್‌ಸನ್ ಅಲ್ಲ. ಇದೇ ಅಪ್ರಬಲ ಹಾದಿಯಲ್ಲಿ ಬರುವ ಇನ್ನೊಂದು ಕಾಯಿಲೆ ವಿಲ್ಸನ್ ಕಾಯಿಲೆ. ಹದಿಮೂರನೆಯ ವರ್ಣತಂತುವಿನ ಜೀನು ಕೆಟ್ಟು ದೇಹ ತಾಮ್ರವನ್ನು ಹೊರಹಾಕಲಾರದೆ ಯಕೃತ್ತು, ಮಿದುಳುಗಳಲ್ಲಿ ತುಂಬಿಕೊಳ್ಳುತ್ತದೆ. ನಿಮ್ಹಾನ್ಸ್‌ನಲ್ಲಿ ಮೂರು ದಶಕಗಳಲ್ಲಿ ಕಂಡ 282 ರೋಗಿಗಳ ವಿವರವನ್ನು ಎ. ಬಿ. ತಾಳಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ರೋಗಿಗಳ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದುಬಳೆ ಕಂಡರೆ ಇದನ್ನು ಸಂದೇಹಿಸಬೇಕು. ಬೇಗ ಗುರುತಿಸಿದರೆ ಸತು ಮತ್ತು ಪೆನಿಸಿಲಮಿನ್ ಔಷಧಿಗಳಿಂದ ಹತೋಟಿಗೆ ಬರುವ ಕಾಯಿಲೆ ಇದು, ಬಿಟ್ಟರೆ ಜೀವವೇ ಹೋದೀತು. ಆದ್ದರಿಂದಲೇ ನಲವತ್ತರೊಳಗಿನವರಲ್ಲಿ ನಡುಕ, ಬಿಗಿತ ಕಂಡಾಗ ನರರೋಗ ತಜ್ಞರು ಜೀನಿಗಿಂತ ಮೊದಲು ತಾಮ್ರದ ಪರೀಕ್ಷೆ ಮಾಡಿಸುತ್ತಾರೆ. ವಾಂತಿ, ತಲೆಸುತ್ತು, ಮಾನಸಿಕ ಕಾಯಿಲೆಗಳಿಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಪಾರ್ಕಿನ್‌ಸನ್ ಲಕ್ಷಣಗಳು ಬರಬಹುದು, ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತವೆ. ರೋಗಿಯನ್ನು ಬೆಳಗಾವಿ ಅಥವಾ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ.

ವರದಿಯನ್ನು ಓದುವುದು

ಜೀನು ಪರೀಕ್ಷೆಗೆ ಬೇಕಾಗುವುದು ಕೆಲವೇ ಮಿಲಿಲೀಟರ್ ರಕ್ತ. ಆದರೆ ಪಾರ್ಕಿನ್ ಜೀನಿನ ವಿಷಯದಲ್ಲಿ ಒಂದು ಕೊಕ್ಕೆಯಿದೆ. ಅದು ಸುಮಾರು 14 ಲಕ್ಷ ಅಕ್ಷರಗಳ ಭಾರೀ ಜೀನು. ಪ್ರೋಟೀನಿಗೆ ಸಂಕೇತ ಒದಗಿಸುವುದು ಅದರ 12 ತುಣುಕುಗಳಲ್ಲಿ ಹರಡಿರುವ 1,395 ಅಕ್ಷರಗಳು ಮಾತ್ರ, ಸಾವಿರದಲ್ಲಿ ಒಂದು ಪಾಲು. ಅದರಲ್ಲಿ ಅಕ್ಷರ ಬದಲಾಗುವುದಕ್ಕಿಂತ ಒಂದು ತುಣುಕು ಇಡಿಯಾಗಿ ಬಿಟ್ಟುಹೋಗುವುದು ಇಲ್ಲವೇ ಎರಡು ಸಲ ಬರುವುದು ಸಾಮಾನ್ಯ. ಅಕ್ಷರ ಓದುವ ಪರೀಕ್ಷೆ ಮಾತ್ರ ಮಾಡಿದರೆ ಜೋಡಿಯ ಇನ್ನೊಂದು ಪ್ರತಿಯಲ್ಲಿರುವ ತುಣುಕನ್ನೇ ಓದಿ ಎಲ್ಲ ಸರಿಯಿದೆ ಎಂದುಬಿಡಬಹುದು. ಆದ್ದರಿಂದ ಪ್ರತಿ ತುಣುಕಿನ ಪ್ರತಿಗಳನ್ನು ಎಣಿಸುವ ಪರೀಕ್ಷೆಯೂ ಆಗಿದೆಯೇ ಎಂದು ಕೇಳುವುದು ಒಳ್ಳೆಯದು.

ಎಲ್ಲ ಪರೀಕ್ಷೆ ಮಾಡಿದರೂ ಎಳೆಯ ವಯಸ್ಸಿನ ಎಷ್ಟೋ ರೋಗಿಗಳಲ್ಲಿ ಒಂದೇ ಜೀನಿನ ದೋಷ ಸಿಗುವುದಿಲ್ಲ. ಬೆಂಗಳೂರಿನ ಪ್ರಶಾಂತ್ ಕುಕ್ಕ್ಲೆ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಇಂಥವರಲ್ಲಿ ಹಲವರಿಗೆ ಚಿಕ್ಕ ಚಿಕ್ಕ ವ್ಯತ್ಯಾಸಗಳ ಒಟ್ಟು ಹೊರೆ ಹೆಚ್ಚಾಗಿತ್ತು. ಅವರ ಮನೆಗೆ ಮೇಲಿನ ಆರರಲ್ಲಿ ಒಂದರ ಲೆಕ್ಕ ಅನ್ವಯಿಸದು. ಆದಕಾರಣ ಮದುವೆಯ ಮಾತಿಗೆ ಮುನ್ನ ಪರೀಕ್ಷಿಸಬೇಕಾದದ್ದು ಮೊದಲು ರೋಗಿಯನ್ನು, ಹುಡುಗಿಯನ್ನಲ್ಲ. ರೋಗಿಯಲ್ಲಿ ದೋಷ ಎಲ್ಲಿದೆಯೆಂದು ತಿಳಿದರೆ ಮಾತ್ರ ಹುಡುಗಿಯಲ್ಲಿ ಅದನ್ನು ಹುಡುಕುವುದಕ್ಕೆ ಅರ್ಥ. ಆರೋಗ್ಯವಂತ ಮಕ್ಕಳನ್ನು ಪರೀಕ್ಷೆಗೆ ಒಳಪಡಿಸುವುದು ಸಲ್ಲದು. ಕಾಯಿಲೆಯನ್ನು ತಡೆಯುವ ಔಷಧಿ ಇಲ್ಲದಿರುವಾಗ ಹದಿನೆಂಟು ತುಂಬಿದ ಮೇಲೆ ಅವರೇ ನಿರ್ಧರಿಸಬೇಕಾದ ವಿಷಯ ಅದು.

ಕೆಲವು ವರದಿಗಳಲ್ಲಿ ಸಿಕ್ಕ ವ್ಯತ್ಯಾಸದ ಮಹತ್ವ ಅನಿಶ್ಚಿತ ಎಂದು ಬರೆದಿರುತ್ತದೆ. ಅಂಥ ವರದಿ ಹಿಡಿದು ಮದುವೆ ಮುರಿಯುವುದೂ ತಪ್ಪು, ಧೈರ್ಯ ತಾಳುವುದೂ ತಪ್ಪು. ಆ ವ್ಯತ್ಯಾಸ ನಮ್ಮ ಆರೋಗ್ಯವಂತರಲ್ಲೂ ಸಾಮಾನ್ಯವೇ ಎಂದು ತಿಳಿಯಲು ಭಾರತೀಯರದೇ ಜೀನೋಮುಗಳ ಸಂಗ್ರಹ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದ ಜೀನೋಮ್ ಇಂಡಿಯಾ ಯೋಜನೆಯ ಹತ್ತು ಸಾವಿರ ಜನರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದೆ. ಇಂಥ ಸಂಗ್ರಹ ಬೆಳೆದಂತೆ ಹಿಂದೆ ಅನಿಶ್ಚಿತವೆಂದ ವ್ಯತ್ಯಾಸಗಳು ನಿರಪಾಯವೆಂದೋ ಕಾಯಿಲೆಯವೆಂದೋ ಇತ್ಯರ್ಥವಾಗುತ್ತ ಬರುತ್ತವೆ. ಹಳೆಯ ವರದಿಯನ್ನು ಎಸೆಯದೆ ಮನೆಯ ಖಾತೆ ಉತಾರದ ಜೊತೆಗೇ ಇಟ್ಟಿದ್ದು, ಎರಡು ಮೂರು ವರ್ಷಕ್ಕೊಮ್ಮೆ ವೈದ್ಯರಿಂದ ಮತ್ತೆ ಓದಿಸಬೇಕು.